ಮಾವ ವಿಮಾನದ ಹಲ್ಲು ನೋಡಿದ್ದು

ನಮ್ಮ ಮಾವ ಇವತ್ತಿನವರೆಗೂ ವಿಮಾನ ಹತ್ತಿದವರಲ್ಲ. ವಿಮಾನ ನಿಲ್ದಾಣದ ಗೇಟನ್ನೂ ಕಂಡವರಲ್ಲ. ಆದರೆ ವಿಮಾನದ ಬಾಯಿ ನೋಡಿ ಹಲ್ಲು ಎಣಿಸಿ, ಬೆನ್ನು ಸವರಿ, ಕಾಲು ಎತ್ತಿ ಪರೀಕ್ಷಿಸಿ, "ಬಡಕ್ಲು ಮಾಲು" ಎಂದು ತೀರ್ಪು ಕೊಟ್ಟ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬರಿದ್ದರೆ ದಯವಿಟ್ಟು ನನಗೆ ತಿಳಿಸಿ. ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಕೈಮುಗಿಯುತ್ತೇನೆ!

ವಿಮಾನ ಎಂದರೆ ನೀವಂದುಕೊಂಡ ವಿಮಾನವಲ್ಲ. ನೆಲದ ಮೇಲೆ ನಿಂತು ರಿಮೋಟ್ ಹಿಡಿದು ಹಾರಿಸುವಂಥದ್ದು, ಎರಡೂ ತೋಳು ಚಾಚಿದರೆ ಎಷ್ಟಗಲವೋ ಅಷ್ಟಗಲದ ಮಾದರಿ ವಿಮಾನ. ಅದನ್ನು ಆಟದ ಸಾಮಾನು ಅಂದೀರಿ, ಜೋಕೆ! ನಾನು ಒಂದು ಸಲ ಹಾಗಂದು ಮಾವನ ಹತ್ತಿರ ಒಂದು ವಾರ ಮಾತು ಬಿಡಿಸಿಕೊಂಡಿದ್ದೇನೆ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಊರು ಭರಮಸಾಗರದ ಹತ್ತಿರದ ಒಂದು ಹಳ್ಳಿ. ವಯಸ್ಸು ಎಪ್ಪತ್ತರ ಆಸುಪಾಸು. ವೃತ್ತಿ ಕುರಿ ದಲ್ಲಾಳಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ಸಂತೆಗೆ ಹೋದರೂ ಮಾವನನ್ನು ಮನುಷ್ಯರಿಗಿಂತ ಮೊದಲು ಕುರಿಗಳೇ ಗುರುತು ಹಿಡಿಯುತ್ತಿದ್ದವು ಎಂದು ಅತ್ತೆ ಹೇಳುವುದುಂಟು. ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಕೊಳ್ಳುವವನ ಕೈಯೂ ದಲ್ಲಾಳಿಯ ಕೈಯೂ ಒಂದು ಟವೆಲ್ಲಿನ ಕೆಳಗೆ ಹೋಗುತ್ತವೆ. ಒಳಗೆ ಬೆರಳು ಹಿಡಿದು ಒತ್ತುತ್ತಾರೆ, ಹೊರಗೆ ಇಬ್ಬರೂ ಮಳೆ ಬೆಳೆಯ ಮಾತಾಡುತ್ತಾರೆ, ಸುತ್ತ ನಿಂತವರಿಗೆ ಏನೇನೂ ತಿಳಿಯುವುದಿಲ್ಲ. ಆ ಬೆರಳಿನ ಭಾಷೆಯಲ್ಲಿ ನಮ್ಮ ಮಾವ ಮಹಾ ವಾಗ್ಮಿ. ಕನ್ನಡ ಪಾಠ ಹೇಳುವ ನಾನು ಬಾಯಲ್ಲಿ ಒಂದು ಗಂಟೆ ಹೇಳುವುದನ್ನು ಅವರು ಎರಡು ಬೆರಳಲ್ಲಿ ಮುಗಿಸುತ್ತಿದ್ದರು.

ಅಂಥ ಬೆರಳುಗಳು ಎರಡು ವರ್ಷದ ಹಿಂದೆ ನಡುಗತೊಡಗಿದವು. ಮೊದಲು ಅದು ಮನೆಯವರಿಗೂ ತಿಳಿಯಲಿಲ್ಲ, ಟವೆಲ್ ಕೆಳಗಿನ ಕೈಗಳಿಗೆ ತಿಳಿಯಿತು. ಹೊಸದುರ್ಗದ ಸಂತೆಯಲ್ಲಿ ಒಬ್ಬ ವ್ಯಾಪಾರಿ ಟವೆಲ್ ಕಿತ್ತು ಪಕ್ಕಕ್ಕೆಸೆದು, "ಯಜಮಾನ, ಒಂದ್ ರೇಟ್ ಹೇಳು, ಎಲ್ಲಾ ರೇಟೂ ಒಟ್ಟಿಗೇ ಹೇಳ್ಬ್ಯಾಡ" ಅಂದನಂತೆ. ಸುತ್ತ ನಿಂತವರು ನಕ್ಕರು. ಮಾವನೂ ನಕ್ಕರು. ಆದರೆ ಮನೆಗೆ ಬಂದು ಎರಡೂ ಕೈಗಳ ಮೇಲೆ ಆ ಟವೆಲನ್ನೇ ಹೊದಿಸಿಕೊಂಡು ಜಗಲಿಯಲ್ಲಿ ಕುಳಿತವರು ಮತ್ತೆ ಸಂತೆಗೆ ಹೋಗಲಿಲ್ಲ. ಊಟಕ್ಕೆ ಕರೆದರೆ ಹೋಗಲಿಲ್ಲ, ಹೋಟೆಲಿನಲ್ಲಿ ಚಹಾ ಕುಡಿಯಲಿಲ್ಲ, ಯಾರಾದರೂ ನಮಸ್ಕಾರ ಅಂದರೆ ತಲೆ ಅಲ್ಲಾಡಿಸಿದರೇ ಹೊರತು ಕೈ ಆಚೆಗೆ ತೆಗೆಯಲಿಲ್ಲ. ಊರಲ್ಲಿ ನಾಲ್ಕು ಜನರ ನಡುವೆ ಗಲಗಲ ಅನ್ನುತ್ತಿದ್ದ ಮನುಷ್ಯ ಹಾಗೆ ಕೂತದ್ದು ನನಗೆ ನೋಡಲಾಗಲಿಲ್ಲ.

ನಾನಿರುವ ದುರ್ಗಕ್ಕೆ ಕರೆತಂದು ಡಾಕ್ಟರಿಗೆ ನಾನೇ ತೋರಿಸಿದೆ. ಮಾತ್ರೆ ಬರೆದು, "ಜೀವಕ್ಕೇನೂ ಭಯ ಇಲ್ಲ. ಬೆರಳಿಗೆ ಏನಾದರೂ ಕೆಲಸ ಕೊಡ್ತಾ ಇರಿ" ಅಂದರು. ಅವರ ಮನಸ್ಸಿನಲ್ಲಿದ್ದದ್ದು ರಬ್ಬರ್ ಚೆಂಡು ಹಿಸುಕುವುದು, ಹೂ ಕಟ್ಟುವುದು, ಅಷ್ಟೇ ಇರಬೇಕು ಪಾಪ. ರಬ್ಬರ್ ಚೆಂಡನ್ನು ಮಾವ ಮೂರನೇ ದಿನ ನಾಯಿಗೆ ಎಸೆದರು. ಹೂ ಕಟ್ಟಿದರು; ಆ ಕನಕಾಂಬರದ ಮಾಲೆಯನ್ನು ನೋಡಿ ಅತ್ತೆ, "ದೇವ್ರಿಗೆ ಬ್ಯಾಡ ಬಿಡ್ರಿ, ನಂಗೇ ಕೊಡ್ರಿ" ಎಂದು ಮುಡಿದುಕೊಂಡರು. ಗುಡಿಗೆ ಹೋಗುವ ಅರ್ಧ ದಾರಿಗೆ ಹೂವೆಲ್ಲ ಉದುರಿ ತಲೆಯಲ್ಲಿ ಬರೀ ದಾರ ಉಳಿದಿತ್ತು!

ಹೀಗಿರುವಾಗ ಒಂದು ದಿನ ಮಾವನ ಮೊಬೈಲಿನಲ್ಲಿ, ಕುರಿಯ ವಿಡಿಯೋಗಳ ಮಧ್ಯೆ, ಎಲ್ಲಿಂದಲೋ ದಾರಿ ತಪ್ಪಿ ಒಂದು ವಿಮಾನದ ವಿಡಿಯೋ ಬಂತು. ಯಾವುದೋ ದೇಶದ ಡೊಳ್ಳುಹೊಟ್ಟೆಯ ಮುದುಕ ಮೈದಾನದಲ್ಲಿ ನಿಂತಿದ್ದಾನೆ. ಮೇಲೆ ಅವನ ಪುಟ್ಟ ವಿಮಾನ ಲಾಗ ಹಾಕುತ್ತಿದೆ, ಅಂಗಾತ ಹಾರುತ್ತಿದೆ, ಗಿರಗಿರ ತಿರುಗುತ್ತಿದೆ. ಮಾವ ವಿಮಾನ ನೋಡಲಿಲ್ಲ. ಮುದುಕನ ಕೈ ನೋಡಿದರು. ತಕ್ಷಣ ನನಗೆ ಫೋನು.

"ಲೇ ಮೇಡಮ್ಮ, ಎಲ್ಡೇ ಹೆಬ್ಬೆಟ್ಟು ಕಣೇ! ಎಲ್ಡೇ ಹೆಬ್ಬೆಟ್ಟಾಗೆ ಲಾಗ ಹಾಕಿಸ್ತಾನೆ! ನಂಗೂ ಅಂಥದ್ದೊಂದು ಇಮಾನ ಬೇಕು. ನೀನು ಕಾಲೇಜಿನಾಗೆ ಇದೀಯ, ನಿಂಗೆ ಗೊತ್ತಿರ್ತೈತೆ."

"ಮಾವ, ನಾನು ಹೇಳೋದು ಕನ್ನಡ."

"ಅದಕ್ಕೇನೀಗ? ಇಮಾನ ಯಾವ ಭಾಷೆಯಾಗೆ ಹೇಳಿದ್ರೂ ಹಾರ್ತೈತೆ."

ಅತ್ತೆ ಮೊದಲು ನಕ್ಕರು, ಆಮೇಲೆ ಯೋಚಿಸಿದರು, ಆಮೇಲೆ ಒಂದು ಷರತ್ತು ಹಾಕಿದರು. ಇಮಾನ ಒಂದೇ ಒಂದು. ಮುರಿದರೆ ಇನ್ನೊಂದು ಕೇಳುವಂತಿಲ್ಲ. ಮಾವ ಒಪ್ಪಿ ತಮ್ಮದೂ ಒಂದು ಸೇರಿಸಿದರು: "ಅದು ಲಾಗ ಹಾಕೋವಾಗ ಊರ್ನೋರೆಲ್ಲ ನನ್ನ ಕೈ ನೋಡ್ಲಿ. ಹಾಕ್ಲಿಲ್ಲ ಅನ್ನು, ನಾನು ಸಾಯೋಗಂಟ ಈ ಕೈ ಯಾರ ಮುಂದೂ ಆಚಿಕೆ ತೆಗೆಯಲ್ಲ." ತಮಾಷೆಯ ದನಿಯಲ್ಲೇ ಅಂದರು. ಆದರೆ ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದು, "ಮಗಾ, ಇದು ತಮಾಷೆ ಅಲ್ಲ. ಅವ್ರು ಅಂದ್ರೆ ಅಂದಂಗೇ. ಚಲೋದು ನೋಡಿ ಕೊಡ್ಸವ್ವ" ಅಂದರು. ಚಲೋ ವಿಮಾನ! ಚಲೋ ಬದನೆಕಾಯಿ ನೋಡಿ ತರುವುದು ನನಗೆ ಇನ್ನೂ ಬರುವುದಿಲ್ಲ.

ವಿಚಾರಿಸುತ್ತ ಹೋದಾಗ ದುರ್ಗದಲ್ಲೇ ಒಬ್ಬರು ಸಿಕ್ಕಿದರು. ವರ್ಕ್‌ಶಾಪ್ ಕಲಿಸಿ ನಿವೃತ್ತರಾದ ಮೇಷ್ಟ್ರು. ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಮಾದರಿ ವಿಮಾನ ಕಟ್ಟುತ್ತಾರೆ, ರಿಪೇರಿ ಮಾಡುತ್ತಾರೆ, ಬೇಕಾದವರಿಗೆ ಕೊಡುತ್ತಾರೆ, ಹಾರಿಸುವುದನ್ನೂ ಕಲಿಸುತ್ತಾರೆ. ಒಳಗೆ ಕಾಲಿಟ್ಟರೆ ಗೋಡೆಯಲ್ಲಿ ವಿಮಾನ, ಮಂಚದ ಕೆಳಗೆ ವಿಮಾನ, ಮೇಲಿನಿಂದ ನೇತಾಡುವ ವಿಮಾನ. ಮಾವ ಬಾಗಿಲಲ್ಲೇ ನಿಂತು, "ಹಟ್ಟಿ ತುಂಬ ಅವೆ" ಅಂದರು.

ಮೇಷ್ಟ್ರು ಸಮಾಧಾನದ ಮನುಷ್ಯ. "ಕುಂತ್ಕಳ್ರಿ ಯಜಮಾನ್ರೆ. ಮೊದಲು ಕಲಿಯೋರಿಗೆ ರೆಕ್ಕೆ ತಲೆ ಮೇಲೆ ಇರೋ ವಿಮಾನ. ಗಾಬರಿಯಾಗಿ ಕೈ ಬಿಟ್ರೂ ತಾನೇ ನೆಟ್ಟಗಾಗ್ತೈತೆ. ಅದಾದ್ಮೇಲೆ ರೆಕ್ಕೆ ಹೊಟ್ಟೆ ಹತ್ರ ಇರೋದು. ಅದು ನೀವು ಹೇಳಿದಂಗೆ ಕೇಳ್ತೈತೆ. ಲಾಗಗೀಗ ಎಲ್ಲ ಆಮೇಲೆ."

"ಲಾಗ ಹಾಕೋದೇ ಮೊದ್ಲು ಕೊಡ್ರಿ. ನಮ್ಮ ಮನ್ಯಾಗೆ ಒಂದಕ್ಕೇ ಪರ್ಮಿಷನ್ ಇರೋದು."

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ. ಕೊನೆಗೆ ಅವರು ಒಂದು ರಾಜಿ ಸೂತ್ರ ಹುಡುಕಿದರು. ಫೋಮಿನದು, ಥರ್ಮಾಕೋಲಿನ ಹಾಗೆ ಹಗುರ. ಮಧ್ಯದಲ್ಲಿ ರೆಕ್ಕೆ. ಲಾಗವನ್ನೂ ಹಾಕುತ್ತದೆ, ಗಾಬರಿಯಾದಾಗ ಒಂದು ಗುಂಡಿ ಒತ್ತಿದರೆ ತಾನೇ ನೆಟ್ಟಗೂ ಆಗುತ್ತದೆ. ಬಿದ್ದರೆ ಗಮ್ ಹಚ್ಚಿ ಅಂಟಿಸಬಹುದು. ಇದಕ್ಕಿಂತ ಇನ್ನೇನು ಬೇಕು ಹೇಳಿ?

ಆಗ ಶುರುವಾಯಿತು ನೋಡಿ ಪರೀಕ್ಷೆ! ಮಾವ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಎಷ್ಟೋ ತಿಂಗಳ ಮೇಲೆ ಎರಡೂ ಕೈ ಹೊರತೆಗೆದು, ವಿಮಾನದ ಬೆನ್ನ ಮೇಲೆ ಹೆಬ್ಬೆರಳೂರಿ ತಲೆಯಿಂದ ಬಾಲದವರೆಗೆ ಒತ್ತುತ್ತ ಹೋದರು. ಸಂತೆಯಲ್ಲಿ ಕುರಿಗೆ ಮಾಡುವುದೂ ಹೀಗೇ. ಮಾಂಸ ಹಿಡಿದಿದೆಯೋ ಬರೀ ಮೂಳೆಯೋ ಎಂದು ತಿಳಿಯುವುದು ಅಲ್ಲಿ. ಆಮೇಲೆ ಚಕ್ರ ಎಳೆದು ನೋಡಿ "ಮುಂಗಾಲು ಸಣ್ಣ" ಅಂದರು. ಬಾಲ ಎತ್ತಿ ನೋಡಿದರು; ಅಲ್ಲಿ ಏನು ನೋಡಿದರೋ ನಾನು ಕೇಳಲಿಲ್ಲ. ಕೊನೆಗೆ ಮೂತಿಯ ಹತ್ತಿರ ಬಂದು, ಮುಂದಿನ ಫ್ಯಾನನ್ನು ಬೆರಳಲ್ಲಿ ತಿರುಗಿಸಿ, "ಎಷ್ಟು ಹಲ್ಲು?" ಎಂದು ಕೇಳಿದರು.

ಕುರಿಯ ವಯಸ್ಸು ತಿಳಿಯುವುದು ಹಲ್ಲಿನಿಂದ ಎಂಬುದು ಮೇಷ್ಟ್ರಿಗೇನು ಗೊತ್ತು? "ಎರಡು ಬ್ಲೇಡ್ ಯಜಮಾನ್ರೆ."

"ಎಲ್ಡಲ್ಲು! ಹರೇದ್ದು. ಒಳ್ಳೆ ವಯಸ್ಸು" ಎಂದು ಮಾವ ಮೆಚ್ಚಿ, ಇಡೀ ವಿಮಾನವನ್ನು ಕೊರಳಿಗೂ ಸೊಂಟಕ್ಕೂ ಕೈಕೊಟ್ಟು ಮೇಲಕ್ಕೆತ್ತಿದರು. ಎತ್ತಿದ ರಭಸಕ್ಕೆ ಅದು ಸೂರಿಗೆ ಬಡಿಯುವುದೊಂದು ಬಾಕಿ! ಮಾವನ ಮುಖ ಸಪ್ಪಗಾಯಿತು. "ಇದೇನ್ರಿ ಮೇಷ್ಟ್ರೇ, ಗಾಳಿ ಬಿಟ್ರೆ ಒಳಗೆ ಏನೂ ಇಲ್ಲ! ಮೇವು ಹಾಕಿರೋ ಇಲ್ವೋ? ಬಡಕ್ಲು."

"ಹಗುರ ಇದ್ದಷ್ಟೂ ಒಳ್ಳೇದು ಯಜಮಾನ್ರೆ, ಹಾರ್ಬೇಕಲ್ಲ."

ಮಾವ ಕೇಳಿಸಿಕೊಂಡ ಹಾಗೆ ತಲೆ ಅಲ್ಲಾಡಿಸಿ ಕೋಣೆಯಲ್ಲಿದ್ದ ಒಂದೊಂದನ್ನೂ ಎತ್ತಿ ಎತ್ತಿ ಇಟ್ಟರು. ಮೂಲೆಯಲ್ಲಿ ಧೂಳು ಹಿಡಿದು ನೇತಾಡುತ್ತಿದ್ದ ಒಂದರ ಮುಂದೆ ನಿಂತರು. ಮರದ್ದು. ದಪ್ಪ ಹೊಟ್ಟೆ, ಗಟ್ಟಿ ಕಾಲು, ಕೆಂಪು ಬಣ್ಣ. ಇಳಿಸಿ ಎತ್ತಿದರು. ಎತ್ತುವಾಗ "ಹ್ಞೂಂ" ಎಂದು ಉಸಿರು ಬಂತು. ಮಾವನ ಕಣ್ಣು ಮಿಂಚಿತು. "ಇದು ಮಾಲು!"

ಮೇಷ್ಟ್ರು ಗಾಬರಿಯಾದರು. "ಅಯ್ಯೋ, ಅದು ಬ್ಯಾಡ್ರಿ! ನಾನು ಮೊದಮೊದಲು ಕಟ್ಟಿದ್ದು. ಸುಮ್ನೆ ಗಟ್ಟಿ ಆಗ್ಲಿ ಅಂತ ಮರ ಮೆತ್ತಿದೀನಿ. ಅದು ಏಳಲ್ಲ. ಯಾರಿಗೂ ಕೊಟ್ಟಿಲ್ಲ ನಾನು."

ಇಲ್ಲೇ ಆದದ್ದು ಎಡವಟ್ಟು. ಈ ಮಾತನ್ನು ಬೇರೆ ಯಾರ ಮುಂದೆ ಆಡಿದ್ದರೂ ಅವರು ಆ ಕೆಂಪು ಭೂತವನ್ನು ಕೆಳಗಿಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಆದರೆ ಸಂತೆಯಲ್ಲಿ ಮಾರುವವನೇ ತನ್ನ ಕುರಿಯನ್ನು "ಇದು ಬ್ಯಾಡ, ಕಾಯಿಲೆದು, ಮೇಯಲ್ಲ" ಎಂದು ಬೈದನೆಂದರೆ ಅದರ ಅರ್ಥ ಒಂದೇ: ಅದು ಮಂದೆಯಲ್ಲೇ ಅತ್ಯುತ್ತಮ ಕುರಿ, ಅದನ್ನು ಅವನು ಮನೆಗಿಟ್ಟುಕೊಳ್ಳಬೇಕೆಂದಿದ್ದಾನೆ! ಮಾವ ನನ್ನ ಕಡೆ ತಿರುಗಿ ಕಣ್ಣು ಹೊಡೆದರು. ಮೇಷ್ಟ್ರು ಬೇಡ ಎಂದಷ್ಟೂ ಮಾವನ ಆಸೆ ಹೆಚ್ಚಿತು. ಮೇಷ್ಟ್ರು ಕೈಮುಗಿದರು. ಮಾವ ಮನಸ್ಸಿನಲ್ಲೇ, ಅಬ್ಬಾ ಏನು ನಟನೆ ಎಂದು ಮೆಚ್ಚಿಕೊಂಡರು. ಬಸ್ಸಿನಲ್ಲಿ ಆ ವಿಮಾನವನ್ನು ತೊಡೆಯ ಮೇಲೆ ಕೂರಿಸಿಕೊಂಡು ಊರು ತಲುಪುವವರೆಗೂ ಒಂದೇ ಮಾತು: "ನಲವತ್ತು ವರ್ಷದ ಸರ್ವೀಸು ನಂದು. ನನ್ನ ಹತ್ರ ನಡೀತೈತಾ?"

ಹಾರಾಟದ ದಿನ ಊರ ಗೋಮಾಳದಲ್ಲಿ ಜನವೋ ಜನ. ಮಾವ ಜಗಲಿ ಬಿಟ್ಟು ಇಳಿದಿದ್ದಾರೆ ಎಂಬುದೇ ದೊಡ್ಡ ಸುದ್ದಿ. ಅತ್ತೆಗೆ ಅವತ್ತು ಕೈಬಿಡಲಾಗದ ಕೆಲಸ, ಬರಲಿಲ್ಲ. ಆದರೆ ಹೊಸ ಗಾಡಿ ಎಂದ ಮೇಲೆ ಆಗಬೇಕಾದದ್ದೆಲ್ಲ ಆಗಲೇಬೇಕಲ್ಲ? ಅರಿಸಿನ ಕುಂಕುಮ, ಊದುಬತ್ತಿ, ಚಕ್ರದ ಕೆಳಗಿಡಲು ಎರಡು ನಿಂಬೆಹಣ್ಣು ಕಳಿಸಿದ್ದರು. ನಿಂಬೆಹಣ್ಣೋ, ಚಕ್ರಕ್ಕಿಂತ ದೊಡ್ಡದು! ಮುಂದಕ್ಕೆ ತಳ್ಳಿದರೆ ವಿಮಾನ ಹಣ್ಣನ್ನು ಹತ್ತಲಾರದೆ ಮೂತಿ ಮೇಲೆ ಮಾಡಿಕೊಂಡು ನಿಂತಿತು. ಯಾರೋ "ಹಾರ್ತಾ ಐತೆ, ಹಾರ್ತಾ ಐತೆ" ಎಂದು ಕೂಗಿದರು. ಕೊನೆಗೆ ಮೇಷ್ಟ್ರು ಹಣ್ಣುಗಳನ್ನು ತಾವೇ ಕಾಲಲ್ಲಿ ತುಳಿದು ಶಾಸ್ತ್ರ ಮುಗಿಸಿದರು. ಬೇಡ ಬೇಡ ಎಂದರೂ ಪಾಪ, ಅವರು ಬಂದಿದ್ದರು.

"ಮೊದಲು ನಾನು ಒಂದು ರೌಂಡ್ ನೋಡ್ತೀನಿ" ಎಂದು ಮೇಷ್ಟ್ರು ರಿಮೋಟಿಗೆ ಕೈ ಚಾಚಿದರು. ಮಾವ ಕೊಡಲಿಲ್ಲ. ಮೋಟಾರು ಭರ್ರೆಂದಿತು. ವಿಮಾನ ಓಡಿತು. ಓಡಿತು, ಓಡಿತು, ಓಡುತ್ತಲೇ ಹೋಯಿತು! ಏಳುವ ಲಕ್ಷಣವೇ ಇಲ್ಲ. ಮಾವನ ಹೆಬ್ಬೆರಳು ನಡುಗಿದಂತೆಲ್ಲ ಎಡಕ್ಕೊಮ್ಮೆ ಬಲಕ್ಕೊಮ್ಮೆ ತುಯ್ಯುತ್ತ, ಗೋಮಾಳದ ಆ ತುದಿಯಲ್ಲಿ ಮೇಯುತ್ತಿದ್ದ ಮಂದೆಯ ಕಡೆಗೆ ನುಗ್ಗಿತು. ಕುರಿಗಳು ಮೊದಲು ಬೆದರಿದವು, ಆಮೇಲೆ ಅದು ಹೋಗುವ ಕಡೆಯೇ ಹಿಂದೆ ಹಿಂದೆ ಹೊರಟವು. ವಿಮಾನದ ಹಿಂದೆ ಐವತ್ತು ಕುರಿ! ಮಂದೆಯ ಟಗರಿಗೆ ಇದು ಹೇಗೆ ಸಹನೆಯಾಗಬೇಕು? ನಾಲ್ಕು ಹೆಜ್ಜೆ ಹಿಂದೆ ಸರಿಯಿತು, ತಲೆ ತಗ್ಗಿಸಿತು, ಬಂದು ಒಂದು ಗುದ್ದು ಗುದ್ದಿತು ನೋಡಿ, ಕೆಂಪು ವಿಮಾನ ಆಗ ಗಾಳಿಗೆ ಎದ್ದಿತು. ಅದೇ ಅದರ ಮೊದಲ ಹಾರಾಟ, ಕೊನೆಯದೂ ಅದೇ.

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಆಗ ಗುಂಪಿನಲ್ಲಿ ಒಬ್ಬ, "ಯಜಮಾನ್ರ ಇಮಾನಕ್ಕೂ ಕೈನಡುಕ ಹತ್ಕಂಡೈತೆ ಕಣ್ರಲೇ!" ಅಂದುಬಿಟ್ಟ. ಮಾವ ರಿಮೋಟನ್ನು ನನ್ನ ಕೈಗಿಟ್ಟು, ಹೆಗಲ ಮೇಲಿನ ಟವೆಲ್ ತೆಗೆದು ಎರಡೂ ಕೈಗೆ ಸುತ್ತಿಕೊಂಡು, ಯಾರ ಕಡೆಗೂ ನೋಡದೆ ಮನೆಯ ದಾರಿ ಹಿಡಿದರು.

ಹದಿನೈದು ದಿನ ಮಾವ ಜಗಲಿಗೂ ಬರಲಿಲ್ಲ. ಫೋನ್ ಮಾಡಿದರೆ ಅತ್ತೆಯೇ ಎತ್ತುವುದು. "ಒಳಗೆ ಕುಂತಾರೆ. ಒಂದ್ ಮಾತಿಲ್ಲ, ಬೈಗುಳನೂ ಇಲ್ಲ. ಬೈದಿದ್ರೆ ಪಾಡಿತ್ತು ಮಗಾ" ಎಂದು ಅತ್ತೆ ಅತ್ತರು. ಹದಿನಾರನೆಯ ದಿನ ಬೆಳಿಗ್ಗೆ ಅತ್ತೆಯೇ ಬಸ್ಸು ಹತ್ತಿ ದುರ್ಗದ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. "ನಡಿ, ಆ ಮೇಷ್ಟ್ರ ಮನಿಗೆ ಹೋಗಾಣ."

"ಅತ್ತೆ, ಒಂದೇ ಒಂದು ಅಂದಿದ್ರಲ್ಲ?"

"ಒಂದ್ ಇಮಾನ ಅಂದಿದ್ದೆ. ಅದು ಇಮಾನನಾ? ನೆಲದ ಮ್ಯಾಲೆ ಓಡೋದಕ್ಕೆ ಗಾಡಿ ಅಂತಾರೆ. ಇಮಾನ ಇನ್ನೂ ತಗಂಡೇ ಇಲ್ಲ ನಾವು."

ಯಾವ ನ್ಯಾಯಾಧೀಶರಾದರೂ ಎದ್ದು ನಿಂತು ಒಪ್ಪುವ ವಾದ!

ಮೇಷ್ಟ್ರ ಕೋಣೆಯಲ್ಲಿ ಅತ್ತೆ ಹಲ್ಲು ನೋಡಲಿಲ್ಲ, ಬೆನ್ನು ಒತ್ತಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಅಕ್ಕಿ ಕೇರುವಂತೆ ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರು. ಮಾವ ಬಡಕಲು ಎಂದು ಬಿಟ್ಟಿದ್ದ ಫೋಮಿನ ವಿಮಾನ ಕೈಗೆ ಬಂದಾಗ ಅವರ ಮುಖ ಅರಳಿತು. "ಇದು ಕೊಡ್ರಿ. ಮೊರ ತಗಳೋವಾಗ ಭಾರದ್ದು ಯಾರಾದ್ರೂ ತಗತಾರಾ? ಕೈಗೆ ಗೊತ್ತಾಗ್ಬಾರ್ದು, ಅಂಥದ್ದು ಗಾಳಿ ಹಿಡಿಯೋದು." ಮೇಷ್ಟ್ರು ಎದ್ದು ಬಂದು ಅತ್ತೆಗೆ ಕುರ್ಚಿ ಹಾಕಿದರು. ಇಷ್ಟು ವರ್ಷದಲ್ಲಿ ಮೊದಲ ಸಲಕ್ಕೇ ಸರಿಯಾಗಿ ಆರಿಸಿದ ಗಿರಾಕಿ ಇವರೊಬ್ಬರೇ ಅಂದರು.

ಮಾವನನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಅತ್ತೆ ಅದನ್ನು ಅವರ ಮುಂದಿಟ್ಟು, "ನಿಮಗೋಸ್ಕರ ಅಲ್ಲ, ನಂಗೆ ಲಾಗ ನೋಡ್ಬೇಕು. ಹಾರಿಸಿದ್ರೆ ಹಾರ್ಸಿ, ಇಲ್ದಿದ್ರೆ ನಾನೇ ಕಲೀತೀನಿ" ಅಂದರಂತೆ. ಅತ್ತೆ ಕಲಿತುಬಿಡುತ್ತಾರೆ ಎಂಬ ಹೆದರಿಕೆಗೆ ಮಾವ ಮಾರನೆಯ ದಿನವೇ ದುರ್ಗಕ್ಕೆ ಬಂದು ನಮ್ಮ ಮನೆಯಲ್ಲೇ ಉಳಿದರು.

ಈ ಸಲ ಮೇಷ್ಟ್ರು ಬಿಗಿಯಾದರು. ಮೊದಲು ಕಂಪ್ಯೂಟರಿನಲ್ಲಿ ಹಾರಿಸಿ ಕಲಿಯಬೇಕು, ಆಮೇಲೆ ಬಯಲಿಗೆ. ನಮ್ಮ ಮನೆಯ ಕಂಪ್ಯೂಟರಿಗೆ ರಿಮೋಟ್ ಜೋಡಿಸಿಕೊಟ್ಟರು. ಪರದೆಯಲ್ಲಿ ಯಾವುದೋ ದೇಶದ ಹಸಿರು ಮೈದಾನ, ಅದರ ಮೇಲೆ ಸುಳ್ಳು ವಿಮಾನ. ಮಾವ ಮೊದಲ ವಾರ ಅದನ್ನು ಎಷ್ಟು ಸಲ ಬೀಳಿಸಿದರೋ ಶಿವನಿಗೇ ಗೊತ್ತು. ಎರಡನೆಯ ವಾರ ಬೀಳಿಸುವುದು ನಿಂತಿತು, ಸುಮ್ಮಸುಮ್ಮನೆ ಇಳಿಸುವುದು ಶುರುವಾಯಿತು. "ಯಾಕೆ ಮಾವ, ಹಾರಿಸಿ" ಅಂದರೆ, "ತಡಿಯೇ. ಹುಲ್ಲು ನೋಡು, ಏನು ಹುಲ್ಲು! ಈ ಊರಾಗೆ ಇನ್ನೂರು ಕುರಿ ಬಿಡಬೌದು" ಎಂದು ಪರದೆಗೆ ಮೂಗು ತಾಗಿಸಿ ಕೂರುತ್ತಿದ್ದರು.

ಆದರೆ ಒಂದು ವಿಷಯದಲ್ಲಿ ಮೇಷ್ಟ್ರೇ ದಂಗಾದರು. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಎಡ ನಮ್ಮ ಎಡ. ತಿರುಗಿ ನಮ್ಮ ಕಡೆಗೇ ಬರುವಾಗ ಅದರ ಎಡ ನಮ್ಮ ಬಲ. ಎಲ್ಲರೂ ವಿಮಾನ ಕಳೆದುಕೊಳ್ಳುವುದು ಇಲ್ಲೇ ಅಂತೆ. ಮಾವನಿಗೆ ಅದು ಲೆಕ್ಕಕ್ಕೇ ಇಲ್ಲ! "ಇದೇನ್ ದೊಡ್ಡದು? ಕುರಿ ಎದುರಿಗೆ ನುಗ್ಗಿ ಬಂದಾಗ ಅದರ ಎಡಗಡೆ ತಿರುಗಿಸ್ಬೇಕಂದ್ರೆ ನಾನು ನನ್ನ ಬಲಕ್ಕೆ ಅಟ್ತೀನಿ. ಹುಟ್ಟಿದಾಗಿಂದ ಇದೇ ಮಾಡಿರೋದು" ಅಂದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಎಲ್ಲ ಬಂತು. ನಡುಕ ಮಾತ್ರ ಹೋಗಲಿಲ್ಲ. ಪರದೆಯ ಮೇಲಿನ ವಿಮಾನ ಚಳಿಜ್ವರ ಬಂದಂತೆ ಥರಥರ ಅನ್ನುತ್ತಲೇ ಇತ್ತು. ಯಾರಾದರೂ ಕೋಣೆಗೆ ಬಂದರೆ ಮಾವ ರಿಮೋಟ್ ಕೆಳಗಿಟ್ಟುಬಿಡುತ್ತಿದ್ದರು. ಒಂದು ಸಂಜೆ ಮೇಷ್ಟ್ರು ಬಂದು ಹಿಂದೆ ನಿಂತು ಸುಮ್ಮನೆ ನೋಡಿದರು. ಆಮೇಲೆ ರಿಮೋಟ್ ಇಸಿದುಕೊಂಡು, ಅದರ ಪುಟ್ಟ ಪರದೆಯಲ್ಲಿ ಏನೇನೋ ಒತ್ತಿ ಅರ್ಧ ಗಂಟೆ ಕೂತರು. "ಈಗ ಹಾರಿಸ್ರಿ ಯಜಮಾನ್ರೆ" ಅಂದರು. ಮಾವ ಹಾರಿಸಿದರು. ವಿಮಾನ ಕೊಡ ಹೊತ್ತ ಹೆಂಗಸಿನಂತೆ ಅಲುಗದೆ ಹೋಯಿತು!

"ಏನ್ ಮಾಡಿದ್ರಿ?" ಎಂದು ಕೇಳಿದಾಗ ಮೇಷ್ಟ್ರು, "ಏನಿಲ್ಲ. ರಿಮೋಟಿನ ಕಡ್ಡಿ ಸ್ವಲ್ಪ ಅಲುಗಿದ್ರೆ ವಿಮಾನ ತಲೆ ಕೆಡಿಸ್ಕಬಾರ್ದು, ಜೋರಾಗಿ ತಳ್ಳಿದ್ರೆ ಮಾತ್ರ ಕೇಳ್ಬೇಕು, ಹಂಗೆ ಹೇಳಿಕೊಟ್ಟೆ. ಎಲ್ಲರದ್ದಕ್ಕೂ ಮಾಡ್ತೀವಿ. ನನ್ನದಕ್ಕೂ ಮಾಡ್ಕಂಡಿದೀನಿ" ಅಂದರು. ನಿಜವೋ ಸುಳ್ಳೋ, ಆ ಕೊನೆಯ ವಾಕ್ಯಕ್ಕೆ ಮೇಷ್ಟ್ರಿಗೆ ನಾನು ಈಗಲೂ ಋಣಿ.

ಇನ್ನು ಗಾಳಿಯ ಕಥೆ. ಶಾಂತವಾದ ಗಾಳಿಯಲ್ಲೇ ಹಾರಿಸಬೇಕು ಎಂದು ಮೇಷ್ಟ್ರ ಆಜ್ಞೆ. ನಮ್ಮ ಕಡೆ ಶಾಂತವಾದ ಗಾಳಿಯೇ? ಗುಡ್ಡದ ಸಾಲಿನ ಮೇಲೆಲ್ಲ ಕರೆಂಟಿನ ಗಾಳಿಫ್ಯಾನು ನೆಟ್ಟಿರುವುದು ಯಾಕೆ ಮತ್ತೆ! ಊರಿಗೆ ಮರಳಿದ ಮಾವ ದಿನವೂ ಬೆಳಿಗ್ಗೆ ಅಂಗಳದಲ್ಲಿ ನಿಂತು ದೂರದ ಫ್ಯಾನು ನೋಡಿ ನನಗೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದರು. "ಮೇಡಮ್ಮ, ತಿರುಗ್ತಾ ಅವೆ." "ಮೇಡಮ್ಮ, ಇವತ್ತೂ ತಿರುಗ್ತಾ ಅವೆ." ಒಂದು ದಿನ ಫೋನಿನಲ್ಲಿ ಉಸಿರೇ ಇಲ್ಲ. ಆಮೇಲೆ ಪಿಸುಮಾತು: "ನಿಂತಾವೆ! ಬಂದ್ಬುಡು!" ಜೋರಾಗಿ ಮಾತಾಡಿದರೆ ಎಲ್ಲಿ ಮತ್ತೆ ತಿರುಗಿಬಿಡುತ್ತವೋ ಎಂದು ಭಯ. ನಾನು ಕಾಲೇಜಿಗೆ ರಜೆ ಹಾಕಿದೆ. ಕಾರಣ ಏನು ಬರೆದೆ ಎಂದು ಮಾತ್ರ ಕೇಳಬೇಡಿ.

ಗೋಮಾಳದಲ್ಲಿ ಮತ್ತೆ ಜನ. ಹೋದ ಸಲಕ್ಕಿಂತ ಹೆಚ್ಚು. ನಗಲಿಕ್ಕೆ ಬಂದವರೇ ಹೆಚ್ಚು. ಮಂದೆಯನ್ನು ಕೆರೆಯ ಕಡೆ ಅಟ್ಟಿಸಿಯಾಗಿತ್ತು. ಅತ್ತೆ ಈ ಸಲ ಬಂದಿದ್ದರು. ಕುಂಕುಮ ತರಲಿಲ್ಲ, ನಿಂಬೆಹಣ್ಣು ತರಲಿಲ್ಲ. ಮಾವನ ಪಕ್ಕದಲ್ಲಿ ಒಂದು ಮಾರು ದೂರದಲ್ಲಿ ನಿಂತರು. ಮಾವ ಜನರ ಕಡೆ ಒಮ್ಮೆ ನೋಡಿದರು. ಟವೆಲ್ಲಿನೊಳಗೆ ಕೈಗಳು ಎಷ್ಟು ನಡುಗುತ್ತಿದ್ದವೆಂದರೆ ಟವೆಲ್ಲಿನ ಅಂಚೂ ಅಲುಗುತ್ತಿತ್ತು. ಇವರು ಹಿಂದಿರುಗಿ ಹೊರಟೇಬಿಡುತ್ತಾರೆ ಎಂದೇ ನಾನು ಅಂದುಕೊಂಡೆ. ಇವತ್ತು ಹೋದರೆ ಮುಗಿಯಿತು, ಇನ್ನೊಂದು ಸಲ ಇಲ್ಲ.

"ಏನ್ರಿ, ಫ್ಯಾನು ತಿರುಗೋಕೆ ಹತ್ತಿದ್ರೆ ಆಮೇಲೆ ನನ್ನ ಬೈಬ್ಯಾಡ್ರಿ" ಅಂದರು ಅತ್ತೆ, ಏನೂ ಆಗದವರ ಹಾಗೆ.

ಮಾವ ಟವೆಲ್ ಬಿಸಾಕಿ ರಿಮೋಟ್ ತೆಗೆದುಕೊಂಡರು. ಮೇಷ್ಟ್ರು ವಿಮಾನವನ್ನು ಕೈಯಲ್ಲೆತ್ತಿ ಗಾಳಿಗೆ ತೂರಿದರು. ಅದು ಒಂದಿಷ್ಟು ಕೆಳಗೆ ಜಾರಿ, ನಮ್ಮೆಲ್ಲರ ಪ್ರಾಣವನ್ನು ಬಾಯಿಗೆ ತಂದು, ಆಮೇಲೆ ಮೇಲೆ ಹೋಯಿತು. ನೆಟ್ಟಗೆ ಹೋಯಿತು! ಒಂದು ಸುತ್ತು, ಎರಡು ಸುತ್ತು. "ಇನ್ನೂ ಮೇಲೆ, ಇನ್ನೂ ಮೇಲೆ, ಮೂರು ಸಲ ತಪ್ಪಿದ್ರೂ ನೆಲ ಸಿಗಬಾರ್ದು" ಎಂದು ಮೇಷ್ಟ್ರು. ಹದ್ದಿನಷ್ಟೆತ್ತರಕ್ಕೆ ಹೋದ ಮೇಲೆ, "ಈಗ ಎಳೀರಿ, ಬಿಡಬ್ಯಾಡ್ರಿ, ಎಳೀರಿ!"

ಮಾವ ಎಳೆದರು. ವಿಮಾನ ಮೂತಿ ಎತ್ತಿತು, ಆಕಾಶಕ್ಕೆ ನೆಟ್ಟಗೆ ನಿಂತಿತು, ಮೆಲ್ಲಗೆ ಅಂಗಾತ ಮಲಗಿತು, ಅಲ್ಲಿಂದ ಕೆಳಗೆ ಧುಮುಕಿ ದುಂಡಗೆ ಬಂದು ಹೊರಟ ದಾರಿಗೇ ಸೇರಿತು. ಲಾಗ! ಗೋಮಾಳಕ್ಕೆ ಗೋಮಾಳವೇ ಹೋ ಎಂದು ಕೂಗಿತು. ನಗಲಿಕ್ಕೆ ಬಂದವರು ಶಿಳ್ಳೆ ಹೊಡೆದರು. "ಇನ್ನೊಂದ್ ಹಾಕ್ಸಿ ಯಜಮಾನ್ರೇ!" ಮಾವ ಇನ್ನೊಂದು ಹಾಕಿಸಿದರು. ಮತ್ತೊಂದು ಹಾಕಿಸಿದರು. ನಾನು ಚಪ್ಪಲಿ ಬಿಟ್ಟು ಕುಣಿದೆನಂತೆ, ನನಗೆ ನೆನಪಿಲ್ಲ.

ಕತ್ತು ನೋವು ಬಂದು ತಲೆ ಇಳಿಸಿದಾಗ ನನ್ನ ಕಣ್ಣಿಗೆ ಬಿದ್ದದ್ದು ಅತ್ತೆ. ಗೋಮಾಳದಲ್ಲಿದ್ದವರೆಲ್ಲ ಬಾಯಿ ತೆರೆದು ಆಕಾಶ ನೋಡುತ್ತಿದ್ದರೆ ಅತ್ತೆ ಒಬ್ಬರೇ ಕೆಳಗೆ ನೋಡುತ್ತಿದ್ದರು, ಮಾವನ ಕೈಗಳನ್ನು. ಅವು ಎಂದಿನಂತೆಯೇ ನಡುಗುತ್ತಿದ್ದವು, ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಊರಿನವರೆಲ್ಲರ ಎದುರು, ಹಾಡಹಗಲ ಬಿಸಿಲಿನಲ್ಲಿ, ಬರಿದಾಗಿ ಹೊರಗಿದ್ದವು. ಮತ್ತು ಮಾವ ಅದನ್ನು ಮರೆತೇಬಿಟ್ಟಿದ್ದರು. ಅತ್ತೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನನಗೂ ತಡೆಯಲಾಗಲಿಲ್ಲ.

"ಏ ಇವಳೇ, ಲಾಗ ನೋಡ್ಬೇಕು ಅಂತಿದ್ಯಲ್ಲ, ಮ್ಯಾಲೆ ನೋಡ್ತಿದೀಯೋ ಇಲ್ವೋ?" ಎಂದು ಮಾವ ಆಕಾಶದಿಂದ ಕಣ್ಣು ತೆಗೆಯದೆ ಕೂಗಿದರು.

"ಮ್ಯಾಲೇ ನೋಡ್ತಿದೀನಿ ಕಣ್ರಿ" ಅಂದರು ಅತ್ತೆ, ಆ ಕೈಗಳಿಂದ ಕಣ್ಣು ತೆಗೆಯದೆ.